ರಾಶಿಯಾಗುವ ತನಕ ಮುಚ್ಚಬೇಡಿ

ಸಾಫ್ಟ್‌ವೇರಿನ ಮೇಲೆ ಬಂದ ದೂರನ್ನು ಮುಗಿಯಿತೆಂದು ಕೊನೆಗೆ ಯಾರು ಮುಚ್ಚಬೇಕು? ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ನನ್ನನ್ನು ಕೇಳುವ ಪ್ರಶ್ನೆ ಇದೊಂದೇ. ನನ್ನ ಉತ್ತರವನ್ನು ನಾನು ಮೇಲಿಂದ ಮೇಲೆ ಬದಲಿಸಿದ್ದೇನೆ. ಮೊದಲು, ರಿಪೇರಿ ಮಾಡಿದವನೇ ಮುಚ್ಚಲಿ ಎನ್ನುತ್ತಿದ್ದೆ. ಆಮೇಲೆ, ದೂರು ಕೊಟ್ಟವನು ಮುಚ್ಚಲಿ ಎಂದೆ. ಈಗ ಅವರಿಬ್ಬರ ಮಾತನ್ನೂ ಪೂರ್ತಿ ನಂಬಬೇಡಿ ಎನ್ನುತ್ತೇನೆ. ಯಾಕೆ ಎಂದು ಹೇಳಹೊರಟರೆ ಬಸವರಾಜನ ವಿಷಯ ಬರುತ್ತದೆ. ಅವನು ನನ್ನ ಜೀವದ ಗೆಳೆಯನಾಗಿದ್ದ. ಮುಚ್ಚಿದ್ದ ಒಂದು ದೂರನ್ನು ನಾನು ಮತ್ತೆ ತೆರೆದೆ, ಅಂದಿನಿಂದ ಅವನು ನನ್ನಿಂದ ದೂರವಾದ. ಕೆಲಸದ ನೆನಪು ಬಂದಾಗಲೆಲ್ಲ ನನಗೆ ಬರುವುದು ಅವನ ನೆನಪೇ.

ನಾವಿದ್ದದ್ದು ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ. ಗೋವಿನಜೋಳದ, ಅಂದರೆ ಮೆಕ್ಕೆಜೋಳದ, ತೆನೆಯಿಂದ ಕಾಳು ಬಿಡಿಸುವ ರಾಶಿ ಮಷೀನುಗಳಿಗೆ ಪಾಳಿ ಹಚ್ಚುವುದು ನಮ್ಮ ಸಾಫ್ಟ್‌ವೇರಿನ ಕೆಲಸ. ತೆನೆ ಮುರಿದಾಗಿದೆ ಎಂದು ರೈತ ಒಂದು ನಂಬರಿಗೆ ಫೋನು ಮಾಡಿದರೆ ಸಾಕು. ಯಾವ ಮಷೀನು ಯಾವತ್ತು ಯಾರ ಹೊಲಕ್ಕೆ ಹೋಗಬೇಕೆಂದು ಅದು ತಾನೇ ಗೊತ್ತು ಮಾಡಿ, ಡ್ರೈವರನಿಗೂ ರೈತನಿಗೂ ಫೋನಿನಲ್ಲಿ ಹೇಳುತ್ತಿತ್ತು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳು ನಮ್ಮ ಪಾಲಿಗೆ ಬಂದಿದ್ದವು. ಆಫೀಸು ಹಿರೇಕೆರೂರಿನ ಪೇಟೆಯಲ್ಲಿ, ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆ. ಸಂಜೆ ಮನೆಗೆ ಹೋದರೂ ಅಂಗಿಯಿಂದ ಗೊಬ್ಬರದ ವಾಸನೆ ಹೋಗುತ್ತಿರಲಿಲ್ಲ. ಈಗ ಗೊಬ್ಬರದ ಅಂಗಡಿಯ ಮುಂದೆ ಹಾಯುವಾಗ ನಾನು ಸುಮ್ಮನೆ ಒಂದು ಗಳಿಗೆ ನಿಲ್ಲುತ್ತೇನೆ.

ಬಸವರಾಜ ಚಿಕ್ಕೇರೂರಿನ ಒಕ್ಕಲುತನದ ಮನೆಯವನು. ಪ್ರೋಗ್ರಾಂ ಬರೆಯುವುದು ಅವನ ಕೆಲಸ, ಅದರಲ್ಲಿ ತಪ್ಪು ಹುಡುಕುವುದು ನನ್ನದು. ತಪ್ಪು ಕಂಡರೆ ನಾನು ದೂರು ತೆರೆಯಬೇಕು. ಅವನು ರಿಪೇರಿ ಮಾಡಿದ ಮೇಲೆ ನೋಡಿ ಮುಚ್ಚಬೇಕು. ಅದೇ ತಪ್ಪು ಮತ್ತೆ ಕಂಡರೆ ಮುಚ್ಚಿದ್ದನ್ನು ತೆರೆಯಬೇಕು. ಸಾಫ್ಟ್‌ವೇರ್ ಎಂದರೆ ಹೊರಗಿನವರು ಏನೇನೋ ಅಂದುಕೊಳ್ಳುತ್ತಾರೆ, ನಮ್ಮ ಅರ್ಧ ಆಯುಷ್ಯ ಹೋದದ್ದು ಈ ತೆರೆದು ಮುಚ್ಚುವುದರಲ್ಲೇ. ಹೊರಗೆ ನಿಂತು ಕೇಳಿದವರು ನಮ್ಮದು ಹಾವು ಮುಂಗುಸಿಯ ಸಂಬಂಧ ಎಂದೇ ತಿಳಿಯಬೇಕು.

"ಮುಗದೈತಲೇ ರಾಘ್ಯಾ, ಮುಚ್ಚು ಅದನ್ನ."

"ಮುಗದಿಲ್ಲೋ ಬಸ್ಯಾ. ಇವತ್ತೂ ಡ್ರೈವರ್ ಫೋನ್ ಮಾಡಿ ಬೈದಾನ."

"ನಿನಗ ಬೈದಾನೋ, ನನಗ ಬೈದಾನೋ?"

"ಬೈದದ್ದು ನಿನಗ. ಕೇಳಿಸ್ಕೊಂಡಾಂವ ನಾನು."

ಜಗಳ ಮುಗಿದ ಮೇಲೆ ಇಬ್ಬರೂ ಕೆಳಗಿಳಿದು ಮಿರ್ಚಿ ಭಜಿ ತಿನ್ನುತ್ತಿದ್ದೆವು. ನನ್ನದು ಸವಣೂರಿನ ವೈಷ್ಣವರ ಮನೆ, ಹೆಸರು ರಾಘವೇಂದ್ರ. ಅಜ್ಜ ಶಾಸ್ತ್ರಪಾಠ ಹೇಳುತ್ತಿದ್ದವರು. ಹಾಗಾಗಿ ಸುತ್ತಲಿನ ಜನ ನನ್ನನ್ನು ರಾಯರು ಎನ್ನುತ್ತಾರೆ. ರಾಘ್ಯಾ ಎನ್ನುತ್ತಿದ್ದವನು ಬಸವರಾಜನೊಬ್ಬನೇ.

ಅಜ್ಜನಿಂದ ನಾನು ಕಲಿತದ್ದು ಶಾಸ್ತ್ರವನ್ನಲ್ಲ, ಒಂದು ಕ್ರಮವನ್ನು. ವಾದಕ್ಕೆ ಕೂತರೆ ಅವರು ಎದುರಿನವರ ಪೂರ್ವಪಕ್ಷವನ್ನು ಮೊದಲು ತಾವೇ ಚೊಕ್ಕಟವಾಗಿ ಹೇಳುತ್ತಿದ್ದರು. "ಇದ ಹೌದಲ್ರಿ ನಿಮ್ಮ ಮಾತು?" ಎಂದು ಕೇಳಿ, ಅವರು ಹೌದೆಂದ ಮೇಲೆಯೇ ಉತ್ತರ ಶುರು. ನಾನು ದೂರು ಬರೆಯುವುದನ್ನು ಹಾಗೆಯೇ ರೂಢಿಸಿಕೊಂಡೆ. ದೂರು ಹೇಳಿದವರ ಮಾತು ಅವರದೇ ಮಾತಿನಲ್ಲಿ ಇರಬೇಕು. ನಮ್ಮ ಭಾಷೆಗೆ ತಿದ್ದಿ ಬರೆದರೆ ತಪ್ಪು ಅಲ್ಲೇ ಅಡಗಿ ಕೂರುತ್ತದೆ.

ಹಾನಗಲ್ಲ ಕಡೆಯ ಒಬ್ಬ ಹಿರಿಯರ ದೂರು ಹೀಗಿತ್ತು. ಪಾಳಿ ಬಂದಾಗ ನಮ್ಮ ಸಾಫ್ಟ್‌ವೇರು ಫೋನು ಮಾಡಿ, ರೆಕಾರ್ಡ್ ಮಾಡಿದ ಹುಡುಗಿಯ ಧ್ವನಿಯಲ್ಲಿ, ಒಪ್ಪಿಗೆಯಿದ್ದರೆ "ಒಂದು ಒತ್ತು" ಎನ್ನುತ್ತಿತ್ತು. ಅವರು ಒತ್ತುತ್ತಿರಲಿಲ್ಲ. ಸಾಫ್ಟ್‌ವೇರು ಅವರಿಗೆ ಮಷೀನು ಬೇಡವೆಂದು ತಿಳಿದು ಪಾಳಿಯನ್ನು ಬೇರೆಯವರಿಗೆ ಕೊಡುತ್ತಿತ್ತು. ಯಾಕೆ ಒತ್ತಲಿಲ್ಲ ಎಂದು ಕೇಳಿದೆ.

"ಒತ್ತು ಅಂತೈತ್ರಿ ಆ ಹುಡುಗಿ. ನಾ ಏನ್ ಅಕೀ ಮನ್ಯಾಗಿನ ಆಳೇನ್ರಿ? ಸರಿಯಾಗಿ ಹೇಳಂತ ಹೇಳ್ರಿ, ಒತ್ತತೇನಿ."

ಬಸವರಾಜ ಇದು ತಪ್ಪೇ ಅಲ್ಲ ಎಂದು ಷರಾ ಬರೆದು ಮುಚ್ಚಿದ. "ಪ್ರೋಗ್ರಾಂ ಸರಿ ಐತಿ. ಮುದುಕಗ ಸಿಟ್ಟು ಐತಿ. ಸಿಟ್ಟಿಗೆ ನಾ ಏನ್ ಕೋಡ್ ಬರೀಲಿ?" ಎಂದ. ನಾನು ತೆರೆದೆ. ಅವನು ಮುಚ್ಚಿದ. ನಾನು ಮತ್ತೆ ತೆರೆದೆ. ವಾರವಿಡೀ ಇದೇ ಆಟ. ಕಡೆಗೆ ಅವನ ತಾಯಿ ಸಂತೆಗೆಂದು ಹಿರೇಕೆರೂರಿಗೆ ಬಂದವಳು ಆಫೀಸಿಗೂ ಬಂದಳು. ನಾನು ಬೇಕೆಂದೇ ಆ ಧ್ವನಿಯನ್ನು ಅವಳ ಕಿವಿಗೆ ಹಿಡಿದೆ. ಅವಳು ಮಗನ ಕಡೆ ತಿರುಗಿ, "ಹಿರೇರಿಗೆ ಹಿಂಗ ಅಂತಾರೇನೋ? ಇದನ್ನ ಕಲಿಸೇನೇನು ನಿನಗ?" ಎಂದಳು. ಅವನು ಅವತ್ತೇ ಹೊಸದಾಗಿ ರೆಕಾರ್ಡ್ ಮಾಡಿಸಿದ, "ಒಂದು ಒತ್ರಿ" ಎಂದು. ಹಾನಗಲ್ಲಿನ ಹಿರಿಯರು ಒತ್ತಿದರು. ಅವ್ವನನ್ನು ಸಾಕ್ಷಿಗೆ ಕರೆದದ್ದು ನ್ಯಾಯವಲ್ಲ ಎಂದು ಬಸವರಾಜ ಎಷ್ಟೋ ದಿನ ನನ್ನನ್ನು ಆಡಿಕೊಳ್ಳುತ್ತಿದ್ದ. ನಮ್ಮ ಕಡೆಯಿಂದ ಎಲ್ಲ ಸರಿಯಿದೆ ಎನ್ನುವ ಕಾರಣಕ್ಕೆ ದೂರು ಮುಚ್ಚಬಾರದು ಎಂದು ನಾವಿಬ್ಬರೂ ಅವತ್ತು ಒಪ್ಪಿದೆವು.

ಫಜೀತಿಗಳೂ ಕಡಿಮೆಯಿಲ್ಲ. ಶಿಗ್ಗಾಂವಿಯ ಒಬ್ಬ ಡ್ರೈವರ್ ಒಂದೇ ತಾಪತ್ರಯವನ್ನು ನನಗೊಮ್ಮೆ, ಬಸವರಾಜನಿಗೊಮ್ಮೆ ಹೇಳಿದ್ದ. ಹೀಗೆ ಎರಡು ದೂರು ತೆರೆದುಕೊಂಡವು. ಒಂದೇ ವಿಷಯದ ಎರಡು ದೂರಿದ್ದರೆ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಮುಚ್ಚುವುದು ಪದ್ಧತಿ. ನಾನು ಮೊದಲನೆಯದರ ಮೇಲೆ "ಎರಡನೆಯದನ್ನು ನೋಡಿ" ಎಂದು ಬರೆದು ಮುಚ್ಚಿದೆ. ಅದೇ ಮಧ್ಯಾಹ್ನ ಅವನು ಎರಡನೆಯದರ ಮೇಲೆ "ಮೊದಲನೆಯದನ್ನು ನೋಡಿ" ಎಂದು ಬರೆದು ಮುಚ್ಚಿದ. ಇಬ್ಬರೂ ಕೆಲಸ ಹಗುರಾಯಿತೆಂದು ಮಿರ್ಚಿ ತಿನ್ನಲು ಹೋದೆವು. ಬಹಳ ದಿನದ ಮೇಲೆ ಡ್ರೈವರ್ ಮೆಟ್ಟಿಲು ಹತ್ತಿ ಬಂದ.

"ಅದರಾಗ ಕೇಳಿದ್ರ ಇದರಾಗ ನೋಡ್ರಿ ಅಂತೀರಿ. ಇದರಾಗ ಕೇಳಿದ್ರ ಅದರಾಗ ನೋಡ್ರಿ ಅಂತೀರಿ. ನಿಮ್ಮಿಬ್ಬರ ನಡುವ ನಾ ಎಲ್ಲಿ ನಿಂದರ್ಲಿ ಹೇಳ್ರಿ."

ಬಸವರಾಜ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಅಂದಿನಿಂದ, ಇನ್ನೊಂದು ತೆರೆದಿದೆಯೇ ಎಂದು ಕಣ್ಣಾರೆ ನೋಡದೆ ಒಂದನ್ನು ಮುಚ್ಚಬಾರದು ಎಂದು ಕಟ್ಟು ಮಾಡಿಕೊಂಡೆವು.

ಇದೆಲ್ಲ ಸಣ್ಣದು. ದೊಡ್ಡ ಪಾಠವನ್ನು ಕಲಿಸಿದ್ದು ನಮ್ಮ ಜನರ ಮರ್ಯಾದೆ. ಆಗ ನಾನು ದೂರು ಕೊಟ್ಟವನೇ ಮುಚ್ಚಬೇಕು ಎನ್ನುವ ಮತದವನು. ರಿಪೇರಿಯಾದ ಮೇಲೆ ಬಸ್ಸು ಹತ್ತಿ ಅವರ ಊರಿಗೇ ಹೋಗಿ ಕೇಳುತ್ತಿದ್ದೆ. ಹೋದ ಕೂಡಲೇ ಚಾಪೆ, ನೀರು, ಮಂಡಕ್ಕಿ ಒಗ್ಗರಣೆ, ಚಹಾ. ಕೆಲಸದ ಮಾತು ಎತ್ತಿದರೆ, "ಸರಿ ಆಗೈತ್ರಿ ರಾಯರ, ಭಾಳ ಚೊಲೋ ಆಗೈತಿ" ಎನ್ನುತ್ತಿದ್ದರು. ನಾನು ಖುಷಿಯಿಂದ ಬಂದು ಮುಚ್ಚುತ್ತಿದ್ದೆ. ಹಂಗಾಮು ಬಂದರೆ ತಪ್ಪು ಅಲ್ಲೇ ಇರುತ್ತಿತ್ತು.

ಒಮ್ಮೆ ಸಂತೆಯಲ್ಲಿ ಅಂಥ ಒಬ್ಬ ರೈತನ ಬೀಗರು ಸಿಕ್ಕರು. ನಿಮ್ಮ ಬೀಗರು ಹಾಗೆ ಯಾಕೆ ಸುಳ್ಳು ಹೇಳಿದರು ಎಂದು ನಾನು ಸ್ವಲ್ಪ ಖಾರವಾಗಿಯೇ ಕೇಳಿದೆ.

"ಸುಳ್ಳಲ್ರಿ," ಎಂದರು ಅವರು. "ನೀವು ಆ ಬಿಸಲಾಗ ಅಷ್ಟು ದೂರ ಬಂದ್ರಿ. ಬರಿಗೈಲೆ ಹ್ಯಾಂಗ ಕಳಸೂದು ಅಂತ ಅಂದಾನ ಅಷ್ಟ."

ಮನೆಗೆ ಬಂದವನಿಗೆ ಎಲೆ ಅಡಿಕೆ ಕೊಟ್ಟ ಹಾಗೆ ಅವರು ನನಗೆ ಒಂದು "ಸರಿ ಆಗೈತಿ" ಕೊಟ್ಟು ಕಳಿಸಿದ್ದರು. ನಾನು ಆಫೀಸಿಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತೆ. ಆಗ ಬಸವರಾಜ ಹೇಳಿದ ಮಾತೇ ಮುಂದೆ ನಮ್ಮ ನಿಯಮವಾಯಿತು.

"ಬೆಳಿ ಎಷ್ಟು ಚಂದ ನಿಂತಿದ್ರೂ ಬೆಳಿ ಬಂತು ಅನ್ನಾಂಗಿಲ್ಲ ನಮ್ಮಪ್ಪ. ರಾಶಿ ಆಗಿ ಚೀಲ ಮನಿಗೆ ಬಂದ ಮ್ಯಾಲ ಅಂತಾನ. ನಾವೂ ಹಂಗ ಮಾಡೋಣು. ಯಾರ ಬಾಯಿ ಮಾತೂ ಬ್ಯಾಡ. ಅವರ ಹೊಲದಾಗ ಮುಂದಿನ ರಾಶಿ ಆಗೂತನಕ ಮುಚ್ಚಬ್ಯಾಡ."

ಎಷ್ಟು ಸರಳ ಮಾತು ನೋಡಿ. ದೂರು ಕೊಟ್ಟ ಹೊಲದಲ್ಲಿ ಮಷೀನು ನಿಂತು ಕೆಲಸ ಮುಗಿಸಿ ಹೊರಟರೆ ದೂರು ಮುಚ್ಚಬಹುದು. ಅಲ್ಲಿಯ ತನಕ ಆರು ತಿಂಗಳಾದರೂ ತೆರೆದಿರಲಿ. ಆ ಒಂದೆರಡು ವರ್ಷ ನಾವು ಮಾಡಿದಷ್ಟು ಒಳ್ಳೆಯ ಕೆಲಸವನ್ನು ಆಮೇಲೆ ನಾನು ಮಾಡಲಿಲ್ಲ. ಆ ದಿನಗಳು ಬೇಕು ಎನಿಸುತ್ತದೆ, ಈಗಲೂ, ಮುಂಜಾನೆ ಎದ್ದ ಕೂಡಲೇ.

ಆಮೇಲೆ ಹುಬ್ಬಳ್ಳಿಗೆ ಹೊಸ ಸಾಹೇಬರು ಬಂದರು. ಕೆಟ್ಟವರಲ್ಲ, ಮಳೆಗಾಲದಲ್ಲಿ ನಮಗೆಲ್ಲ ಕೊಡೆ ಕೊಡಿಸಿದ ಮನುಷ್ಯ. ಆದರೆ ಅವರಿಗೆ ಗೋಡೆಯ ಮೇಲೆ ಬಣ್ಣದ ಚಿತ್ರ ಬೇಕು. ಮುಚ್ಚಿದ ದೂರು ಹಸಿರು, ತೆರೆದದ್ದು ಕೆಂಪು. ನಮ್ಮ ನಾಲ್ಕು ತಾಲೂಕು ಕೆಂಪಗೆ ಉರಿಯುತ್ತಿದ್ದವು.

"ಇಷ್ಟು ಯಾಕೆ ತೆರೆದಿಟ್ಟಿದ್ದೀರಿ?" ಎಂದು ಕೇಳಿದರು.

"ಸರ್, ಬೆಳಿ ಇನ್ನೂ ಹೊಲದಾಗದ," ಎಂದೆ.

ಅವರಿಗೆ ಅದು ತಮಾಷೆಯಾಗಿ ಕೇಳಿರಬೇಕು. ಹೊಸ ಹುಕುಂ ಬಂತು. ರಿಪೇರಿಯಾದ ಎರಡು ವಾರದೊಳಗೆ ಯಾರೂ ತಕರಾರು ಎತ್ತದಿದ್ದರೆ ದೂರು ತಾನೇ ಮುಚ್ಚಿಕೊಳ್ಳಬೇಕು. ಮುಚ್ಚಿದ್ದನ್ನು ಮತ್ತೆ ತೆರೆದರೆ ಪ್ರೋಗ್ರಾಂ ಬರೆದವನ ಹೆಸರಿಗೆ ಕಪ್ಪು ಚುಕ್ಕೆ. ಬೇಸಿಗೆಯಲ್ಲಿ ರಿಪೇರಿ ಮಾಡಿದರೆ ಎರಡು ವಾರದಲ್ಲಿ ತಕರಾರು ಎಲ್ಲಿಂದ ಬರಬೇಕು? ಆಗ ಮಷೀನುಗಳೆಲ್ಲ ಶೆಡ್ಡಿನಲ್ಲಿ ನಿಂತಿರುತ್ತವೆ.

ಬಸವರಾಜ ಬದಲಾದ. ಹಳೆಯ ತಪ್ಪು ಮತ್ತೆ ಕಂಡರೆ, "ಹಳೇದು ತೆರೀಬ್ಯಾಡಲೇ, ಹೊಸಾದೊಂದು ಬರಿ" ಎನ್ನತೊಡಗಿದ. ಹೊಸದು ಬರೆದರೆ ಹಳೆಯದರ ಚರಿತ್ರೆಯೆಲ್ಲ ಹೋಗುತ್ತದೆ, ಈ ತಪ್ಪು ಎಷ್ಟು ಸಲ ಬಂದಿತ್ತು, ಏನೇನು ಮಾಡಿ ನೋಡಿದ್ದೆವು, ಯಾವುದೂ ಇರುವುದಿಲ್ಲ. ಸಣ್ಣ ಪುಟ್ಟದ್ದಕ್ಕೆ ನಾನು ಅವನ ಮಾತು ಕೇಳಿದೆ. ಅವನ ಹೆಗಲ ಮೇಲಿನ ಭಾರ ನನಗೂ ಕಾಣುತ್ತಿತ್ತು.

ಆಗ ಬಂದದ್ದು ಈರವ್ವನ ದೂರು. ಈರವ್ವ ಹತ್ತಿಮತ್ತೂರಿನವಳು, ಗಂಡನಿಲ್ಲದ ಮೇಲೆ ಒಬ್ಬಳೇ ಒಕ್ಕಲುತನ ಮಾಡುತ್ತಿದ್ದವಳು. ಅವಳ ಹೊಲ ಹಳ್ಳದ ಆಚೆ. ಪಾಳಿಯನ್ನು ಹತ್ತಿರದ ಹೊಲದಿಂದ ಹತ್ತಿರದ ಹೊಲಕ್ಕೆ ಜೋಡಿಸುವ ಲೆಕ್ಕ ಬಸವರಾಜನದು, ಅವನಿಗೆ ಅದರ ಮೇಲೆ ಭಾಳ ಅಭಿಮಾನ. ಆ ಲೆಕ್ಕಕ್ಕೆ ಹಳ್ಳ ಕಾಣುತ್ತಿರಲಿಲ್ಲ. ಮಷೀನು ಹಳ್ಳದ ದಂಡೆಯ ತನಕ ಬಂದು, ನೀರು ನೋಡಿ ಹೊರಳಿ ಹೋಗುತ್ತಿತ್ತು. ಸಾಫ್ಟ್‌ವೇರು ಅವಳ ಪಾಳಿ ಮುಗಿಯಿತೆಂದು ತಿಳಿದು ಅವಳನ್ನು ಎಲ್ಲರಿಗಿಂತ ಹಿಂದೆ ಹಾಕುತ್ತಿತ್ತು. ಬಸವರಾಜ ಅದನ್ನು ರಿಪೇರಿ ಮಾಡಿ, ತಾನೇ ಅವಳ ಮನೆಗೆ ಹೋಗಿ ಚಹಾ ಕುಡಿದು, ಅವಳಿಂದ "ಸರಿ ಆಗೈತಿ" ಅನ್ನಿಸಿಕೊಂಡು ಬಂದ. ಅದು ಹಂಗಾಮಿಲ್ಲದ ಕಾಲ. ಎರಡು ವಾರಕ್ಕೆ ದೂರು ಹಸಿರಾಯಿತು. ರಾಶಿಯಾಗುವ ತನಕ ಎಂದವನು ಅವನೇ. ನಾನು ನೆನಪಿಸಿದೆ. ಅವನು ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ.

ಹಂಗಾಮು ಬಂತು. ಹುಬ್ಬಳ್ಳಿಯಲ್ಲಿ ದೊಡ್ಡ ಸಭೆ. ನಮ್ಮ ಸಾಫ್ಟ್‌ವೇರನ್ನು ಇನ್ನಷ್ಟು ತಾಲೂಕುಗಳಿಗೆ ಅವತ್ತೇ ಬಿಡುವುದೆಂದು ಗೊತ್ತಾಗಿತ್ತು. ಬಸವರಾಜ ಹಿಂದಿನ ದಿನವೇ ಹೋಗಿದ್ದ. ನಾನು ಮುಂಜಾನೆ ಸವಣೂರಿನ ಬಸ್‌ಸ್ಟ್ಯಾಂಡಿನಲ್ಲಿದ್ದಾಗ ಈರವ್ವನ ಮೈದುನ ಕಂಡ.

"ನಮ್ಮ ಅತ್ತಿಗಿ ಹೊಲಕ್ಕ ಈ ಸಲಾನೂ ಮಷೀನ್ ಬರಲಿಲ್ರಿ. ದಂಡಿಗೆ ಬಂದು ಹೊಳ್ಳಿ ಹೋತು. ತೆನಿ ಗುಡ್ಡಿ ಹಾಕಿ ತಾಡಪಲ್ ಹೊಚ್ಚ್ಯಾಳ, ಮಳಿ ಬಂದು ತಳದಾಗಿನ ತೆನಿ ಮೊಳಕಿ ಒಡದಾವು. ನಿಮಗ ಹೇಳಬ್ಯಾಡ ಅಂದಾಳ್ರಿ, ಆ ಹುಡುಗ ಪಾಪ ಮನೀತನಕ ಬಂದಿದ್ದ ಅಂತ."

ಬಸ್ಸಿನಲ್ಲಿ ಕೂತು ಬಸವರಾಜನಿಗೆ ಫೋನು ಮಾಡಿದೆ. ಸಭೆಯ ಗಡಿಬಿಡಿ, ಅವನು ಎತ್ತಲಿಲ್ಲ. ನಾನು ಮುಟ್ಟುವ ಹೊತ್ತಿಗೆ ಸಭೆ ಶುರುವಾಗಿತ್ತು. ಗೋಡೆಯೆಲ್ಲ ಹಸಿರು. ಸಾಹೇಬರು, "ಎಲ್ಲಾ ಕ್ಲೋಸ್ ಆಗಿದೆಯಲ್ಲ ಬಸವರಾಜ್?" ಎಂದರು. ಅವನು ಎದ್ದು ನಿಂತು, "ಎಲ್ಲಾ ಕ್ಲೋಸ್ ಆಗೇತ್ರಿ ಸರ್" ಎಂದ. ಸಾಹೇಬರು ಬಿಡುಗಡೆಗೆ ಅಪ್ಪಣೆ ಕೊಡುವುದರಲ್ಲಿದ್ದರು. ಆ ಹೊಸ ತಾಲೂಕುಗಳಲ್ಲಿ ಎಷ್ಟು ಹಳ್ಳಗಳಿವೆಯೋ. ಈರವ್ವನ ಗುಡ್ಡೆಯಲ್ಲಿ ಮೇಲಿನ ತೆನೆ ಇನ್ನೂ ಉಳಿಸಬಹುದಾದದ್ದು. ನಾನು ಬಾಗಿಲ ಬಳಿಯಿಂದಲೇ ಹೇಳಿದೆ:

"ಸರ್, ಒಂದು ತೆರೀಬೇಕಾಗ್ಯದ. ಹತ್ತಿಮತ್ತೂರಿನ ಈರವ್ವಂದು. ಅಕಿ ಹೊಲದಾಗ ರಾಶಿ ಆಗಿಲ್ಲ."

ಗೋಡೆಯ ಮೇಲೆ ಕೆಂಪು ಬಂತು, ಪಕ್ಕದಲ್ಲಿ ಬಸವರಾಜನ ಹೆಸರು. ಹೊರಗಿನಿಂದ ಬಂದವರೂ ಕೂತಿದ್ದರು. ಅವನು ನನ್ನ ಕಡೆ ನೋಡಿದ ನೋಟದಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ಸಂಜೆ ಮಿರ್ಚಿ ತಿಂದು ಮುಗಿಸುತ್ತಿದ್ದೆವು.

ಬಿಡುಗಡೆ ನಿಂತಿತು. ಬಸವರಾಜ ಅವತ್ತೇ ಹತ್ತಿಮತ್ತೂರಿಗೆ ಹೋಗಿ, ಡ್ರೈವರುಗಳನ್ನು ಕೂರಿಸಿಕೊಂಡು ಯಾವ ಹಳ್ಳಕ್ಕೆ ಎಲ್ಲಿ ಸೇತುವೆ, ಯಾವ ಸುತ್ತು ದಾರಿ ಎಂದೆಲ್ಲ ಕೇಳಿ, ಲೆಕ್ಕವನ್ನೇ ಹೊಸದಾಗಿ ಬರೆದ. ಮಷೀನು ಸುತ್ತು ಹಾಕಿ ಈರವ್ವನ ಹೊಲ ಮುಟ್ಟಿತು. ಉಳಿದ ತೆನೆಯ ರಾಶಿಯಾಯಿತು. ನಾನು ಹೋಗಿ ನಿಂತು ನೋಡಿದೆ. ಡ್ರೈವರ್ ಬದುವಿನ ಮೇಲೆ ಮಷೀನು ಹತ್ತಿಸಿ ಕೆಡಿಸಿದನೆಂದು ಈರವ್ವ ನನಗೆ ಸಾಕಷ್ಟು ಬೈದಳು. ಉಪಚಾರಕ್ಕೆ ಆಡದ ಆ ಬೈಗಳು ಕೇಳಿದ ಮೇಲೆ ದೂರು ನಿಜವಾಗಿ ಮುಗಿಯಿತು ಎಂದು ನನಗೆ ಖಾತ್ರಿಯಾಯಿತು, ಬಂದು ಮುಚ್ಚಿದೆ.

ಹಂಗಾಮು ಮುಗಿದ ಮೇಲೆ ಬಸವರಾಜ ಕೆಲಸ ಬಿಟ್ಟ. ಊರಲ್ಲಿ ಹೊಲ ನೋಡಬೇಕು ಎಂದು ಆಫೀಸಿಗೆ ಹೇಳಿದನಂತೆ. ನನಗೆ ಏನೂ ಹೇಳಲಿಲ್ಲ. ನಾನು ಮಾಡಿದ್ದು ತಪ್ಪೆಂದು ನನಗೆ ಒಂದು ದಿನವೂ ಅನಿಸಿಲ್ಲ. ಇವತ್ತು ಅದೇ ಬಾಗಿಲಲ್ಲಿ ನಿಲ್ಲಿಸಿದರೆ ಅದೇ ಮಾತು ಹೇಳುತ್ತೇನೆ. ಆದರೂ ಅವನಿಲ್ಲದ ಆಫೀಸಿನಲ್ಲಿ ನಾನು ಕಳೆದ ವರ್ಷಗಳು ಸಪ್ಪೆ. ಆಮೇಲೆ ಬಂದ ಹುಡುಗರು ಜಾಣರು, ಸಭ್ಯರು. ತೆರೆದರೆ ತೆರೆಯಿತು, ಮುಚ್ಚಿದರೆ ಮುಚ್ಚಿತು, ಯಾರೂ ಮೇಜು ಕುಟ್ಟಲಿಲ್ಲ.

ನಿವೃತ್ತನಾದ ಮೇಲೆ ತಡೆಯಲಾಗಲಿಲ್ಲ. ಬಸ್ಸು ಹಿಡಿದು ಚಿಕ್ಕೇರೂರಿಗೆ ಹೋದೆ. ಬಸವರಾಜ ಹೊಲದಿಂದ ಬಂದ, ಕೂದಲು ಬೆಳ್ಳಗಾಗಿತ್ತು. ಕೈಕಾಲು ತೊಳೆದುಕೊಂಡು ಬಂದು ಚಾಪೆ ಹಾಸಿದ.

"ಬರ್ರಿ ರಾಯರ, ಕುಂದರ್ರಿ. ಬಿಸಲಾಗ ಬಂದೀರಿ."

ನಾನು ಚಾಪೆಯ ಮೇಲೆ ಕೂತೆ. ಅವನ ಹೆಂಡತಿ ಮಂಡಕ್ಕಿ ಒಗ್ಗರಣೆ ತಂದಿಟ್ಟಳು, ಚಹಾ ಬಂತು. ಮಳೆ, ಬೆಳೆ, ಮೊಣಕಾಲು ನೋವು ಎಲ್ಲ ಮಾತಾಡಿದೆವು. ನಾನು ಕೇಳಿಯೇ ಬಿಟ್ಟೆ.

"ಬಸ್ಯಾ, ಆ ಸಭಾದ ಮಾತು ಇನ್ನೂ ನಿನ್ನ ಮನಸಿನಾಗ ಅದ ಏನೋ?"

"ಅಯ್ಯ, ಬಿಡ್ರಿ. ಅದು ಯಾವಾಗೋ ಮುಗದೈತಿ. ನೀವು ಮಾಡಿದ್ದು ಸರೀನ ಐತ್ರಿ."

ನಗುತ್ತಲೇ ಹೇಳಿದ. ಬಸ್ಸಿನ ತನಕ ಬಂದು ಕಳಿಸಿದ. ನಾನು ಇಂಥ ಮಾತನ್ನು ನಂಬಿ ಎಷ್ಟೋ ದೂರು ಮುಚ್ಚಿದವನು, ಈ ಸಲ ನಂಬಲಿಲ್ಲ. ಮುಂದಿನ ವಾರ ಮತ್ತೆ ಹೋದೆ. ಅದರ ಮುಂದಿನ ವಾರವೂ. ಈಗ ಬೇಕೆಂದೇ ಕೆಣಕುತ್ತೇನೆ. ಅವನ ಹೊಲದಲ್ಲಿ, ಕಣದಲ್ಲಿ ಅಡ್ಡಾಡಿ, ಒಡ್ಡು ಸೊಟ್ಟ ಹಾಕಿದ್ದೀ ಎನ್ನುತ್ತೇನೆ, ತಾಡಪಲ್ಲಿನ ಹಗ್ಗ ಸಡಿಲ ಬಿಟ್ಟಿದ್ದೀ ಎನ್ನುತ್ತೇನೆ. ಹೋದ ವಾರ ಹಾಗೆಂದಾಗ ಅವನ ದವಡೆ ಬಿಗಿಯಿತು, ಬಾಯಿ ತೆರೆದ. ಈಗ ಬೈಯುತ್ತಾನೆ ಎಂದುಕೊಂಡೆ. ಅವನು ನುಂಗಿಕೊಂಡು, "ಹೌದೇನ್ರಿ, ಕಟ್ಟತೇನ್ರಿ" ಎಂದ.

ನಾಳೆ ಮತ್ತೆ ಹೊರಟಿದ್ದೇನೆ. ಈ ವಯಸ್ಸಿನಲ್ಲಿ ವಾರ ವಾರ ಇಷ್ಟು ದೂರ ಯಾಕೆ ಎಂದು ಮನೆಯಲ್ಲಿ ಕೇಳುತ್ತಾರೆ. ಅವನು ಒಂದು ಸಲ ಮೊದಲಿನ ಹಾಗೆ ನನ್ನ ಹೆಸರು ಕೆಡಿಸಿ ಕರೆದು, ಯಾಕೆ ಅವತ್ತು ಅಷ್ಟು ಮಂದಿಯ ಮುಂದೆ ಹಾಗೆ ಮಾಡಿದೆ ಎಂದು ಬಾಯಿ ತುಂಬ ಬೈಯುವ ತನಕ ಹೋಗುತ್ತೇನೆ.